ಮೊದಲ ಪುಸ್ತಕದ ಬೆಲೆ

ಇಂಗ್ಲೆಂಡಿನ ದಕ್ಷಿಣ ಕಡಲತೀರದಲ್ಲಿ ಟಾರ್ಕಿ ಎಂಬ ಪಟ್ಟಣವಿದೆ. ಪತ್ತೇದಾರಿ ಕಾದಂಬರಿಗಳಿಂದ ಲೋಕವಿಖ್ಯಾತಳಾದ ಅಗಾಥಾ ಕ್ರಿಸ್ಟಿ ಹುಟ್ಟಿದ್ದು ಅಲ್ಲಿಯೇ, 1890ರಲ್ಲಿ. ಹರೆಯದಲ್ಲಿ ಆಕೆ ಬರೆದ ಕಾದಂಬರಿಯೊಂದನ್ನು ನೆರೆಯ ಸಾಹಿತಿ ಈಡನ್ ಫಿಲ್‌ಪಾಟ್ಸ್ ಓದಿ, ಅದರಲ್ಲಿನ ನೀತಿಬೋಧೆಯನ್ನೆಲ್ಲ ಕಿತ್ತುಹಾಕಿ ಪಾತ್ರಗಳನ್ನೇ ಮಾತನಾಡಗೊಡಬೇಕೆಂದು ತಿಳಿಸಿದರು. ಕಾದಂಬರಿ ಅಚ್ಚಾಗಲಿಲ್ಲ, ಸಲಹೆ ಮಾತ್ರ ಮನಸ್ಸಿನಲ್ಲಿ ನಿಂತಿತು. ಪತ್ತೇದಾರಿ ಕಥೆ ಬರೆಯುವುದು ನಿನ್ನಿಂದಾಗದ ಕೆಲಸವೆಂದು ಅಕ್ಕ ಮ್ಯಾಜ್ ಒಮ್ಮೆ ಕೆಣಕಿದ್ದುದೂ ಹಾಗೆಯೇ ನಿಂತಿತು.

ಮೊದಲನೆಯ ಮಹಾಯುದ್ಧ ಬಂದಿತು. ಅಗಾಥಾ ಟಾರ್ಕಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ, ಬಳಿಕ ಔಷಧಾಲಯದಲ್ಲಿ ಸಹಾಯಕಿಯಾಗಿ ದುಡಿದಳು. ಅಲ್ಲಿ ಸುತ್ತಲೂ ವಿಷದ ಸೀಸೆಗಳು. ನಡುನಡುವೆ ಬೇಕಾದಷ್ಟು ಬಿಡುವು. ಕೊಲೆ ವಿಷದಿಂದಲೇ ನಡೆಯಲಿ ಎಂದು ಆಕೆ ನಿಶ್ಚಯಿಸಿದಳು. ಯುದ್ಧದಿಂದ ಮನೆಮಠ ಕಳೆದುಕೊಂಡು ಬಂದ ಬೆಲ್ಜಿಯಂ ದೇಶದ ನಿರಾಶ್ರಿತರು ಆಗ ಆ ಊರಿನಲ್ಲಿದ್ದರು. ಪತ್ತೇದಾರ ಹರ್ಕ್ಯೂಲ್ ಪ್ವಾರೊ ಮೂಡಿಬಂದದ್ದು ಅವರನ್ನು ಕಂಡೇ.

ಕಥೆ ಅರ್ಧದಲ್ಲಿ ತೊಡಕಿಗೆ ಸಿಕ್ಕಿದಾಗ, ತಾಯಿಯ ಮಾತಿನಂತೆ ಆಕೆ ಡಾರ್ಟ್‌ಮೂರ್ ಬಯಲಿನ ಹೋಟೆಲೊಂದಕ್ಕೆ ಹೋದಳು. ಮುಂಜಾನೆಯೆಲ್ಲ ಕೈ ನೋಯುವವರೆಗೆ ಬರವಣಿಗೆ. ಮಧ್ಯಾಹ್ನ ಒಂಟಿಯಾಗಿ ಅಲೆಯುತ್ತ ಪಾತ್ರಗಳ ಸಂಭಾಷಣೆಯನ್ನು ಗಟ್ಟಿಯಾಗಿ ಆಡಿಕೊಳ್ಳುವುದು. ಹೀಗೆ 1916ರಲ್ಲಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಸಿದ್ಧವಾಯಿತು.

ಬರೆದದ್ದಾಯಿತು, ಅಚ್ಚು ಹಾಕುವವರು ಯಾರು? ಹಲವು ಪ್ರಕಾಶಕರಿಂದ ಹಸ್ತಪ್ರತಿ ಮರಳಿ ಬಂದಿತು. ಕೊನೆಗೆ ಅದು ಬಾಡ್ಲಿ ಹೆಡ್ ಸಂಸ್ಥೆಯನ್ನು ಸೇರಿ ಬಹುಕಾಲ ಅಲ್ಲಿಯೇ ಉಳಿಯಿತು. ಲೇಖಕಿ ಅದನ್ನು ಮರೆತೇಬಿಟ್ಟಿದ್ದಳೆನ್ನಬಹುದು. ಯುದ್ಧ ಮುಗಿದ ಮೇಲೆ ಒಂದು ದಿನ ಪತ್ರ ಬಂದಿತು. ಪ್ರಕಾಶಕ ಜಾನ್ ಲೇನ್ ಕೊನೆಯ ಅಧ್ಯಾಯದ ನ್ಯಾಯಾಲಯದ ದೃಶ್ಯವನ್ನು ಬದಲಿಸಬೇಕೆಂದನು. ಆ ಮಾತು ಯುಕ್ತವಾಗಿಯೇ ಇತ್ತು. ಬಳಿಕ ಕರಾರುಪತ್ರವನ್ನು ಮುಂದಿಟ್ಟನು. ಮೊದಲ 2000 ಪ್ರತಿಗಳು ಮಾರಾಟವಾಗುವವರೆಗೆ ಲೇಖಕಿಗೆ ರಾಯಲ್ಟಿ ಇಲ್ಲ. ಮುಂದಿನ ಐದು ಪುಸ್ತಕಗಳನ್ನೂ ಅವನಿಗೇ ಕೊಡಬೇಕು. ಪುಸ್ತಕ ಹೊರಬರುವುದೆಂಬ ಹಿಗ್ಗಿನಲ್ಲಿ ಆಕೆ ಹಿಂದುಮುಂದು ನೋಡದೆ ರುಜು ಹಾಕಿದಳು. ವಿಷದ ಪ್ರಮಾಣವನ್ನು ಗುಲಗಂಜಿ ತೂಕದಷ್ಟೂ ತಪ್ಪದೆ ಅಳೆಯಬಲ್ಲವಳು ಆ ಕಾಗದವನ್ನು ಅಳೆಯಲಿಲ್ಲ!

ಪುಸ್ತಕ 1920ರಲ್ಲಿ ಅಮೆರಿಕದಲ್ಲಿಯೂ 1921ರಲ್ಲಿ ಇಂಗ್ಲೆಂಡಿನಲ್ಲಿಯೂ ಪ್ರಕಟವಾಯಿತು. ಅದರಿಂದ ಆಕೆಯ ಕೈಸೇರಿದ್ದು 25 ಪೌಂಡ್ ಮಾತ್ರ; ಅದೂ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದುದರ ಪಾಲು. ಔಷಧಶಾಸ್ತ್ರದ ಪತ್ರಿಕೆಯೊಂದು, ವಿಷದ ವಿಷಯವನ್ನು ಲೇಖಕಿ ಸರಿಯಾಗಿ ತಿಳಿದು ಬರೆದಿದ್ದಾಳೆಂದು ಮೆಚ್ಚಿಕೊಂಡಿತು. ಹಣಕ್ಕಿಂತ ಆ ಹೊಗಳಿಕೆಯೇ ಆಕೆಗೆ ಹೆಚ್ಚು ಹಿತವಾಯಿತು.

ಆದರೆ ಆಕೆ ಬಹುಕಾಲ ಸುಮ್ಮನಿರಲಿಲ್ಲ. 1923ರಲ್ಲಿ ಬಂದ ‘ದಿ ಮರ್ಡರ್ ಆನ್ ದಿ ಲಿಂಕ್ಸ್’ ಕಾದಂಬರಿಯ ಹೊದಿಕೆಯ ಮೇಲೆ ಕಥೆಗೆ ಹೊಂದದ ಚಿತ್ರವಿತ್ತು. ಓದುಗನ ಕೈಗೆ ಮೊದಲು ಸಿಗುವುದೇ ಹೊದಿಕೆಯಲ್ಲವೆ? ಆಕೆ ನೇರವಾಗಿ ಜಗಳವಾಡಿ, ಮುಂದೆ ತಾನು ನೋಡಿದ ಬಳಿಕವೇ ಹೊದಿಕೆ ಅಚ್ಚಾಗಬೇಕೆಂದು ಒಪ್ಪಿಸಿದಳು. ಲೇಖಕರ ಪರವಾಗಿ ವ್ಯವಹರಿಸುವ ಎಡ್ಮಂಡ್ ಕಾರ್ಕ್ ಎಂಬ ತರುಣ ಏಜೆಂಟನನ್ನೂ ಕಂಡಳು. ಹಳೆಯ ಕರಾರನ್ನು ಓದಿ ಅವನು ಬೆರಗಾದನು.

ಆದರೂ ಒಪ್ಪಿದ ಆರು ಪುಸ್ತಕಗಳನ್ನು ಆಕೆ ಕೊಟ್ಟೇ ತೀರಿಸಿದಳು. ಆರನೆಯದು ಹೊರಬಂದದ್ದು 1925ರಲ್ಲಿ. ಮರುವರ್ಷದ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯ ಮೇಲೆ ಕಾಲಿನ್ಸ್ ಎಂಬ ಬೇರೊಬ್ಬ ಪ್ರಕಾಶಕರ ಹೆಸರಿತ್ತು.