ಮಂಗನ ಕಾಯಿಲೆ ತಡೆಯಲು ನಕ್ಷೆಯ ನೆರವು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಹೀಗೆ. 2012ರಿಂದೀಚೆಗೆ ಬಂಡೀಪುರದ ಸುತ್ತಮುತ್ತ ಹಾಗೂ ನೆರೆಯ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿಯೂ ಇದು ಕಾಣಿಸಿಕೊಂಡಿದೆ. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ಹಿಂದಿನ ಲಸಿಕೆಯ ಬಳಕೆಯೂ ನಿಂತಿದೆ. ಆದ್ದರಿಂದ ರೋಗ ಎಲ್ಲಿದೆ ಎಂಬುದನ್ನು ಬೇಗ ಅರಿಯುವುದೇ ಮುಖ್ಯ ರಕ್ಷಣೆ.

ಸ್ಥಳಕ್ಕೆ ಏಕೆ ಮಹತ್ವ?

ಈ ರೋಗದ ವೈರಾಣು ಕಾಡಿನ ಉಣುಗುಗಳ ಮೂಲಕ ಹರಡುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ಉದುರಿ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಆ ಜಾಗವೇ ಅಪಾಯದ ಕೇಂದ್ರವಾಗುತ್ತದೆ. ಮರಿ ಉಣುಗುಗಳು ಹೆಚ್ಚಾಗಿರುವ ಡಿಸೆಂಬರ್‌ನಿಂದ ಮೇವರೆಗಿನ ಕಾಲದಲ್ಲಿ ಸೌದೆ, ಸೊಪ್ಪು, ತರಗೆಲೆ ತರಲು ಹೋದವರಿಗೆ ಅವು ಕಚ್ಚುತ್ತವೆ. ಸತ್ತ ಮಂಗದ ಸುತ್ತಲಿನ ಜಾಗದಲ್ಲಿ ಕೀಟನಾಶಕ ಪುಡಿ ಎರಚುವುದು ರೂಢಿಯಲ್ಲಿರುವ ಕ್ರಮ. ಸ್ಥಳ ತಪ್ಪಾದರೆ ಪುಡಿಯೂ ವ್ಯರ್ಥ, ಶ್ರಮವೂ ವ್ಯರ್ಥ.

ನಕ್ಷೆ ಏನು ಹೇಳುತ್ತದೆ?

ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂಬ ಗಣಕ ವಿಧಾನದಲ್ಲಿ ಒಂದು ನಕ್ಷೆಯ ಮೇಲೆ ಇನ್ನೊಂದನ್ನು ಪದರ ಪದರವಾಗಿ ಜೋಡಿಸಬಹುದು. ಒಂದು ಪದರದಲ್ಲಿ ಕಾಡು ಮತ್ತು ತೋಟ, ಮತ್ತೊಂದರಲ್ಲಿ ಹಳ್ಳಿ ಮತ್ತು ರಸ್ತೆ, ಇನ್ನೊಂದರಲ್ಲಿ ಜಾನುವಾರು ಸಂಖ್ಯೆ, ಮೇಲೆ ಮಂಗಗಳ ಸಾವು ಹಾಗೂ ರೋಗಿಗಳ ವಿವರ. ಈ ರೀತಿ ನಡೆಸಿದ ಅಧ್ಯಯನಗಳಿಂದ, ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಒಂದರೊಳಗೊಂದು ಬೆರೆತಿರುವ, ನಾಡತಳಿ ದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಅಪಾಯ ಹೆಚ್ಚೆಂದು ತಿಳಿದುಬಂದಿದೆ. ಬೆಳೆದ ಉಣುಗುಗಳಿಗೆ ದನಗಳ ರಕ್ತವೇ ಆಹಾರವಾಗುವುದರಿಂದ ಅವುಗಳ ಸಂತತಿ ವೃದ್ಧಿಸುತ್ತದೆ. ಇಂತಹ ನಕ್ಷೆಯ ಆಧಾರದಿಂದ ಯಾವ ಹಳ್ಳಿಗೆ ಮೊದಲು ಉಣುಗು ನಿವಾರಕ ತೈಲ ಒದಗಿಸಬೇಕು, ಎಲ್ಲಿ ಜ್ವರ ಸಮೀಕ್ಷೆ ನಡೆಸಬೇಕು ಎಂಬುದನ್ನು ಋತು ಬರುವ ಮೊದಲೇ ನಿರ್ಧರಿಸಬಹುದು.

ಗುರುತು ಹಾಕುವಾಗ ಎಚ್ಚರ

1. ರೋಗಿಯ ಮನೆಯನ್ನಷ್ಟೇ ಗುರುತಿಸಿದರೆ ಸಾಲದು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಬರುತ್ತದೆ. ಆದ್ದರಿಂದ ಹಿಂದಿನ 8 ದಿನ ಅವರು ಯಾವ ಕಾಡಿಗೆ, ಯಾವ ತೋಟಕ್ಕೆ ಹೋಗಿದ್ದರೆಂದು ಕೇಳಿ ಅದನ್ನೂ ಗುರುತಿಸಬೇಕು.

2. ಮೊಬೈಲ್ ಫೋನ್ ತೋರಿಸುವ ಸ್ಥಾನ ದಟ್ಟ ಮರಗಳಡಿ ಕೆಲವು ಮೀಟರ್ ಆಚೀಚೆ ಆಗಬಹುದು. ಸರ್ವೆ ನಂಬರು, ಹಳ್ಳ, ಕಾಲುದಾರಿ ಮುಂತಾದ ಗುರುತನ್ನೂ ಬರೆದುಕೊಳ್ಳುವುದು ಒಳ್ಳೆಯದು.

3. ದಿನಾಂಕವಿಲ್ಲದ ಗುರುತಿನಿಂದ ರೋಗ ಯಾವ ಕಡೆಗೆ ಸಾಗುತ್ತಿದೆ ಎಂಬುದು ತಿಳಿಯುವುದಿಲ್ಲ.

4. ನಕ್ಷೆಯಲ್ಲಿ ಚುಕ್ಕೆ ಇಲ್ಲದ ಹಳ್ಳಿ ಸುರಕ್ಷಿತವೆಂದು ಭಾವಿಸಬಾರದು. ಅಲ್ಲಿಂದ ವರದಿಯೇ ಬಂದಿಲ್ಲದಿರಬಹುದು.

5. ರೋಗಿಯ ಹೆಸರನ್ನು ಸಾರ್ವಜನಿಕ ನಕ್ಷೆಯಲ್ಲಿ ತೋರಿಸಬಾರದು.

ರೈತರ ಪಾತ್ರ

ಕಾಡಂಚಿನಲ್ಲಿ ಸತ್ತ ಮಂಗವನ್ನು ಮೊದಲು ಕಾಣುವವರು ರೈತರು, ಕೂಲಿಕಾರರು ಮತ್ತು ದನಗಾಹಿಗಳು. ಕಂಡವರು ಅದನ್ನು ಮುಟ್ಟದೆ, ಹೂಳದೆ, ಅಂದೇ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಆ ಜಾಗದಿಂದ ತರಗೆಲೆ ತಂದು ಕೊಟ್ಟಿಗೆಗೆ ಹಾಸಬಾರದು. ದನ ಮೇಯಿಸಲೂ ಬಾರದು. ಕಾಡಿಗೆ ಹೋಗುವವರು ಮೈ ತುಂಬ ಬಟ್ಟೆ ತೊಟ್ಟು, ನಿವಾರಕ ತೈಲ ಹಚ್ಚಿಕೊಂಡು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಬೇಕು. ಹಠಾತ್ ಜ್ವರ, ತಲೆನೋವು, ಮೈಕೈ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಬೇಕು.

ಗಣಕ ಎಷ್ಟೇ ಚುರುಕಾಗಿದ್ದರೂ ವರದಿಯಾಗದ ಸಾವನ್ನು ಅದು ತೋರಿಸಲಾರದು. ಹಳ್ಳಿಯಿಂದ ಸುದ್ದಿ ಒಂದು ದಿನ ಮೊದಲು ತಲುಪಿದರೆ ಆ ದಾರಿಯಲ್ಲಿ ಸೌದೆಗೆ ಹೊರಟವರನ್ನು ತಡೆಯಲು ಒಂದು ದಿನ ಹೆಚ್ಚು ಸಿಗುತ್ತದೆ.