ಕಟಕಟ ಸದ್ದು ಕಲಿಸಿದ್ದು

ನನ್ನ ಗ್ಯಾರೇಜಿಗೆ ಬರುವವರು ಜಮಖಂಡಿ, ಮುಧೋಳ, ಬೀಳಗಿ ಕಡೆಯ ರೈತರು, ರಬಕವಿ-ಬನಹಟ್ಟಿಯ ನೇಕಾರರು, ಬಾಡಿಗೆ ಗಾಡಿ ಓಡಿಸುವವರು. ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ‘ಸಾದಾ ಪೆಟ್ರೋಲ್ ಹಾಕಸ್ಲೋ, ಪವರ್ ಪೆಟ್ರೋಲ್ ಹಾಕಸ್ಲೋ?’ ಇದಕ್ಕೆ ನಾನು ಬಹಳ ಕಾಲ ತಪ್ಪು ಉತ್ತರ ಕೊಟ್ಟೆ. ಅದರ ಖರ್ಚು ಹೊತ್ತವರು ಗಿರಾಕಿಗಳು. ಹೊಸದಾಗಿ ಪಾನಾ ಹಿಡಿಯುವ ಹುಡುಗರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

1. ಆಕ್ಟೇನ್ ಅಂದರೆ ಶಕ್ತಿಯಲ್ಲ, ತಾಳಿಕೆ

ಪಿಕಪ್ ಇಲ್ಲವೆಂದು ಬಂದವರಿಗೆಲ್ಲ ಮೊದಮೊದಲು ನಾನು ತುಟ್ಟಿ ಪೆಟ್ರೋಲ್ ಹಾಕಿಸಲು ಹೇಳುತ್ತಿದ್ದೆ. ಮುಧೋಳದ ಬಾಡಿಗೆ ಗಾಡಿಯವರೊಬ್ಬರು ನನ್ನ ಮಾತು ನಂಬಿ ತಿಂಗಳುಗಟ್ಟಲೆ ಹಾಗೆಯೇ ಮಾಡಿದರು. ಕೊನೆಗೆ ಬಂದು, ‘ರೊಕ್ಕ ಹೋತು ಖರೆ, ಪಿಕಪ್ ಬರ್ಲಿಲ್ರಿ ಮಿಸ್ತ್ರಿ’ ಅಂದರು. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ಸವೆದಿತ್ತು.

ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಸುತ್ತಲೂ ಹರಡಬೇಕು. ಆ ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಕಾವಿಗೂ ತಾನಾಗಿ ಸಿಡಿದರೆ ಕಟಕಟ ಸದ್ದು ಬರುತ್ತದೆ. ಅದೇ ನಾಕಿಂಗ್. ಹಾಗೆ ಸಿಡಿಯದೆ ತಾಳುವ ಗುಣದ ಅಳತೆ ಆಕ್ಟೇನ್. ಐಸೋ-ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬುದಕ್ಕೆ 0 ಎಂದು ಇಟ್ಟುಕೊಂಡಿದ್ದಾರೆ. ಮೊದಲಿನದು 91 ಪಾಲು, ಎರಡನೆಯದು 9 ಪಾಲು ಬೆರೆಸಿದಾಗ ಎಷ್ಟು ತಾಳುತ್ತದೋ ಅಷ್ಟೇ ತಾಳುವ ಪೆಟ್ರೋಲು 91 ಆಕ್ಟೇನಿನದು. 91ರಲ್ಲಿ ಸದ್ದಿಲ್ಲದೆ ಓಡಲೆಂದೇ ಕಟ್ಟಿದ ಸಾಮಾನ್ಯ ಇಂಜಿನ್ನಿಗೆ 2020ರ ಕೊನೆಯಲ್ಲಿ ಬಂದ 100 ಆಕ್ಟೇನಿನ ಎಕ್ಸ್‌ಪಿ100 ಸುರಿದರೂ ಹೆಚ್ಚಿನ ಲಾಭವಿಲ್ಲ. ಪವರ್ ಎಂದು ಮಾರುವ ಎಲ್ಲದರಲ್ಲೂ ಆಕ್ಟೇನ್ ಹೆಚ್ಚಿರುವುದಿಲ್ಲ. ಕೆಲವುದರಲ್ಲಿ ಇಂಜಿನ್ ಒಳಗಿನ ಮಸಿ ತೊಳೆಯುವ ರಾಸಾಯನಿಕವಷ್ಟೇ ಇರುತ್ತದೆ. ಹೆಸರು ಬಿಟ್ಟು ಅಂಕಿ ನೋಡಬೇಕು.

2. ಸದ್ದು ಕೇಳಿದರೆ ಮೊದಲು ರೇಡಿಯೇಟರ್ ನೋಡಿ

ನನಗೆ ಇವತ್ತಿಗೂ ನೋವು ಕೊಡುವ ಪ್ರಸಂಗ ಇದು. ಏಪ್ರಿಲ್ ಬಿಸಿಲಿನಲ್ಲಿ ಬನಹಟ್ಟಿಯ ನೇಕಾರರೊಬ್ಬರು ಹಳೆಯ ಕಾರು ತಂದರು. ಏರು ಹತ್ತುವಾಗ ಕಟಕಟ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆಸಿದ್ದಾರೆಂದು ನಾನು ನೋಡದೆಯೇ ತೀರ್ಪು ಕೊಟ್ಟೆ. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ, ಬೆರೆತರೆ ಸದ್ದು ಬರುವುದು ನಿಜ. ಆದರೆ ಅಂದು ಅದು ಕಾರಣವಾಗಿರಲಿಲ್ಲ. ನಾನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಹಿಂದೆ ಸರಿಸಿದೆ. ಸದ್ದು ನಿಂತಿತು, ಅವರು ಖುಷಿಯಿಂದ ಹೋದರು.

ಟೈಮಿಂಗ್ ತೀರ ಹಿಂದೆ ಹೋದರೆ ಉರಿ ತಡವಾಗಿ ಮುಗಿಯುತ್ತದೆ, ಕಾವೆಲ್ಲ ಎಕ್ಸಾಸ್ಟಿಗೂ ಕೂಲಿಂಗ್ ನೀರಿಗೂ ಹೋಗುತ್ತದೆ. ಆ ಕಾರಿನ ರೇಡಿಯೇಟರ್ ಮೊದಲೇ ಅರ್ಧ ಕಟ್ಟಿಕೊಂಡಿತ್ತು. ಮಾಲೀಕರು ಕೂಲಂಟ್ ಬದಲು ಮನೆಯ ಬೋರಿನ ಗಡಸು ನೀರು ಹಾಕುತ್ತ ಬಂದಿದ್ದರು; ನಳಿಗೆಗಳ ತುಂಬ ಬಿಳಿ ಸುಣ್ಣ. ವಾರ ಕಳೆಯುವುದರೊಳಗೆ ಹೆಡ್ ಗ್ಯಾಸ್ಕೆಟ್ ಹೋಗಿ ಕಾರು ದಾರಿಯಲ್ಲಿ ನಿಂತಿತು. ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ಅಂಚು ಇರುವೆ ಕಚ್ಚಿದ ಬೆಲ್ಲದಂತೆ ತೂತುತೂತಾಗಿತ್ತು. ಮೇಲೆ ದಪ್ಪ ಮಸಿ ಕೂತಿತ್ತು. ಮಸಿ ಕೂತಷ್ಟೂ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಅಂದರೆ ಅದೇ ಇಂಜಿನ್ನು ಹೊಸದಿದ್ದಾಗ ಬೇಡದ ಆಕ್ಟೇನನ್ನು ಈಗ ಬೇಡುತ್ತಿತ್ತು. ನಾನು ನಿಲ್ಲಿಸಿದ್ದು ಸದ್ದನ್ನು ಮಾತ್ರ. ಆ ರಿಪೇರಿಯ ಕೂಲಿ ನಾನು ತೆಗೆದುಕೊಳ್ಳಲಿಲ್ಲ, ಆದರೆ ಬಿಡಿಭಾಗಗಳ ದುಡ್ಡು ಅವರಿಗೆ ಬಿದ್ದೇ ಬಿತ್ತು. ಅಂದಿನಿಂದ ನೀರು, ಫ್ಯಾನ್, ಥರ್ಮೋಸ್ಟಾಟ್, ಪ್ಲಗ್ ನೋಡಿದ ಮೇಲೆಯೇ ಪೆಟ್ರೋಲಿನ ಮಾತು.

3. ಮೇಲಿನ ಗೇರಿನಲ್ಲಿ ಎಳೆಸಬೇಡಿ

ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರು ನಾಲ್ಕನೇ ಗೇರಿನಲ್ಲೇ ಆಕ್ಸಲರೇಟರ್ ಒತ್ತುತ್ತಾರೆ. ಇಂಜಿನ್ ನಿಧಾನವಾಗಿ ತಿರುಗುತ್ತ ಭಾರ ಎಳೆಯುವಾಗ ಮೂಲೆಯ ಮಿಶ್ರಣಕ್ಕೆ ಸಿಡಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಗೇರು ಇಳಿಸಿದರೆ ಸದ್ದು ಹೋಗುತ್ತದೆ, ಖರ್ಚಿಲ್ಲ.

4. ಆಕ್ಟೇನ್ ಏರಿದರೂ ಎವರೇಜ್ ಇಳಿಯಬಹುದು

ನಮ್ಮ ಕಬ್ಬು ಈಗ ಟ್ಯಾಂಕಿನೊಳಗೂ ಬಂದಿದೆ. ಸಮೀರವಾಡಿ, ಮುಧೋಳದ ಕಾರ್ಖಾನೆಗಳಲ್ಲಿ ಸಕ್ಕರೆಯ ಜೊತೆ ಎಥೆನಾಲ್ ಕೂಡ ತಯಾರಾಗುತ್ತದೆ. 20 ಪಾಲು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಲೆಕ್ಕದಲ್ಲಿ ಎಥೆನಾಲಿನ ಆಕ್ಟೇನ್ ಸುಮಾರು 108.5. ಹಿಂದೆ 88 ಇದ್ದ ನಮ್ಮ ಸಾದಾ ಪೆಟ್ರೋಲು ಬಿಎಸ್6 ಕಾಲಕ್ಕೆ 91 ಆಯಿತು, ಇ20ಯಲ್ಲಿ 95ಕ್ಕೆ ಏರಿದೆ.

‘ಆಕ್ಟೇನ್ ಏರಿದ್ರ ಎವರೇಜ್ ಯಾಕ ಕಡಿಮಿ ಆತ್ರಿ ಅಣ್ಣಾ?’ ಎಂದು ಬೀಳಗಿಯ ಹುಡುಗನೊಬ್ಬ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಗಾಡಿಯಲ್ಲೇ ದೋಷವಿದೆಯೆಂದು ಇಂಜೆಕ್ಟರ್ ತೊಳೆದು ಕಳಿಸಿದ್ದೆ. ಓದಿ ತಿಳಿದ ಮೇಲೆ ಅವನಿಗೆ ಫೋನ್ ಮಾಡಿ ಹೇಳಿದೆ. ತಾಳಿಕೆ ಬೇರೆ, ಕಸುವು ಬೇರೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿ, ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜು ಶೇ 6–7ರಷ್ಟು, ಇ10ಕ್ಕೆ ರೂಪಿಸಿ ಇ20ಕ್ಕೆ ಹೊಂದಿಸಿದವುಗಳಲ್ಲಿ ಶೇ 1–2ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹೆಚ್ಚಿದ ಆಕ್ಟೇನಿನ ಲಾಭ ಪಡೆಯಲು ಒತ್ತಡದ ಅನುಪಾತವೋ ಟೈಮಿಂಗೋ ಅದಕ್ಕೆ ತಕ್ಕಂತಿರಬೇಕು. ರೈತರ ಬೆಳೆ ಇಂಧನವಾಗುವುದು ನನಗೆ ಹೆಮ್ಮೆಯ ವಿಷಯ. ಆದರೂ ಹಳೆಯ ಕಾರಿನವರಿಗೆ ಈ ನಷ್ಟವನ್ನು ಮುಚ್ಚಿಡದೆ ಹೇಳಬೇಕು. ಹಳೆಯ ರಬ್ಬರ್ ಪೈಪು, ವಾಷರುಗಳನ್ನೂ ಮುಟ್ಟಿ ನೋಡಬೇಕು. ಉಬ್ಬಿದ್ದರೆ ಬದಲಿಸುವುದೇ ಸರಿ.

5. ನಿಂತ ಗಾಡಿಯ ಪೆಟ್ರೋಲನ್ನು ಪೂರ್ತಿ ಇಳಿಸಿ

ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಗಾಲ ಪೂರ್ತಿ ಮೂಲೆಯಲ್ಲಿ ನಿಂತಿದ್ದ, ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದ ಕಾರೊಂದರಲ್ಲಿ ನಾನು ತಳದ ನೀರಷ್ಟನ್ನೇ ತೆಗೆದು, ಮೇಲಿನ ಪೆಟ್ರೋಲು ಚೆನ್ನಾಗಿದೆಯೆಂದು ಉಳಿಸಿದೆ. ಗಾಡಿ ಶುರುವಾಯಿತು, ಆದರೆ ಹಿಂದೆಂದೂ ಇಲ್ಲದ ಕಟಕಟ ಹಿಡಿಯಿತು. ಎಥೆನಾಲಿನ ಜೊತೆ ಅದು ತಂದಿದ್ದ ಆಕ್ಟೇನೂ ತಳಕ್ಕಿಳಿದು ಹೋಗಿತ್ತು. ಗಿರಾಕಿಯ ಪೆಟ್ರೋಲು ಉಳಿಸಲು ಹೋಗಿ ಇನ್ನೊಂದು ಸಲ ಟ್ಯಾಂಕು ಇಳಿಸುವ ಕೆಲಸವಾಯಿತು.

6. ಟರ್ಬೊ ಕಾರಿಗೆ ಬೇರೆ ಲೆಕ್ಕ

ಈಗ ಬರುವ ಸಣ್ಣ ಟರ್ಬೊ ಇಂಜಿನ್ನುಗಳಲ್ಲಿ ಒತ್ತಡವೂ ಹೆಚ್ಚು, ಕಾವೂ ಹೆಚ್ಚು. ನಾಕ್ ಸೆನ್ಸರ್ ಸದ್ದನ್ನು ನಮ್ಮ ಕಿವಿಗಿಂತ ಮೊದಲೇ ಹಿಡಿದು ಟೈಮಿಂಗನ್ನು ತಾನೇ ಹಿಂದೆ ಸರಿಸುತ್ತದೆ. ಹಾಗಾಗಿ ಕಟಕಟ ಕೇಳುವುದಿಲ್ಲ, ಬಿಸಿಲಿನಲ್ಲಿ ಪಿಕಪ್ ಮಾತ್ರ ಇಳಿಯುತ್ತದೆ. ಇಂಥ ಕಾರು ಬಂದರೆ ಪೆಟ್ರೋಲ್ ಮುಚ್ಚಳದ ಒಳಬದಿ ಮತ್ತು ಕಂಪನಿ ಕೊಟ್ಟ ಪುಸ್ತಕ ತೆಗೆದು, ಎಷ್ಟು ಆಕ್ಟೇನ್ ಎಂದು ಗಿರಾಕಿಯ ಎದುರೇ ಓದುತ್ತೇನೆ. ಕೂಲಿಂಗ್, ಪ್ಲಗ್ ಸರಿಯಿದ್ದೂ ಪಿಕಪ್ ಇಳಿದಿದ್ದರೆ ಟ್ಯಾಂಕು ಖಾಲಿಯಾಗುತ್ತ ಬಂದಾಗ ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ತುಂಬಿಸಿ, ಅದೇ ಲೋಕಾಪುರ ದಾರಿಯಲ್ಲಿ, ಅದೇ ಮಧ್ಯಾಹ್ನದ ಬಿಸಿಲಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಓಡಿಸಿ ನೋಡಲು ಹೇಳುತ್ತೇನೆ. ವ್ಯತ್ಯಾಸ ಕಂಡರೆ ಬೇಸಿಗೆಯ ಮಟ್ಟಿಗೆ ಅದನ್ನೇ ಹಾಕಿಸಲಿ. ಕಾಣದಿದ್ದರೆ ಸಾದಾ ಪೆಟ್ರೋಲಿಗೆ ಮರಳಿ ಗಾಡಿಯನ್ನು ಗ್ಯಾರೇಜಿಗೆ ತರಲಿ. ಸ್ಕ್ಯಾನರ್ ಹಚ್ಚಿ ಟರ್ಬೊ ಪೈಪಿನ ಸೋರಿಕೆಯಿಂದ ಹುಡುಕಲು ಶುರು ಮಾಡುತ್ತೇನೆ.