ಸ್ವಿಚ್ ಕೊಳ್ಳುವ ಮೊದಲು ವ್ಯಾಟ್ ಕೂಡಿಸಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೋಂಸ್ಟೇಗೋ ಶಾಲೆಗೋ ವೈಫೈ ಹಾಕಿಸುವವರಿಗೆ ಒಂದು ಮಾತು. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವ ಪಿಒಇ ಸ್ವಿಚ್ ಕೊಳ್ಳುವಾಗ ಪೋರ್ಟ್ ಎಷ್ಟಿವೆ ಎಂದಷ್ಟೇ ನೋಡಬೇಡಿ. ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಎಂದು ಕೇಳಿ. ಎಂಟು ಪೋರ್ಟ್ ಇದ್ದರೂ ಒಟ್ಟು 65 ವ್ಯಾಟ್ ಮಾತ್ರ ಎಂದಾದರೆ, ತಲಾ 20 ವ್ಯಾಟ್ ಎಳೆಯುವ ಆಕ್ಸೆಸ್ ಪಾಯಿಂಟ್ ಮೂರಕ್ಕೇ ಅದು ಮುಗಿಯಿತು. ನಾಲ್ಕನೆಯದು ಆನ್ ಆಗುವುದಿಲ್ಲ.

802.3ಎಎಫ್ ಎಂಬ ಪಿಒಇ ಮಾನದಂಡದ ಪೋರ್ಟಿನಿಂದ ಹೊರಡುವುದು 15.4 ವ್ಯಾಟ್, ನೂರು ಮೀಟರ್ ಆಚೆ ಖಾತ್ರಿಯಾಗಿ ಸಿಗುವುದು 12.95. 802.3ಎಟಿಯಲ್ಲಿ 30 ಹೊರಟು 25.5 ಸಿಗುತ್ತದೆ. ಉಪಕರಣದ ಗರಿಷ್ಠ ಬಳಕೆಯನ್ನೇ ಲೆಕ್ಕ ಹಿಡಿಯಿರಿ, ಮೇಲೆ ಕಾಲು ಪಾಲು ಉಳಿಸಿಕೊಳ್ಳಿ. ಮುಂದೆ ಕ್ಯಾಮೆರಾ ಸೇರಿಯೇ ಸೇರುತ್ತದೆ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಡವೇ ಬೇಡ, ಅದು ಬಿಸಿಯಾಗುತ್ತದೆ.

ನಮ್ಮ ಮಳೆಗಾಲಕ್ಕೆ ಪಿಒಇ ನಿಜಕ್ಕೂ ಒಳ್ಳೆಯದು. ಕರೆಂಟ್ ಹೋದಾಗ ಸ್ವಿಚ್ ಮತ್ತು ಇಂಟರ್‌ನೆಟ್ ರೂಟರ್‌ಗೆ ಯುಪಿಎಸ್ ಇದ್ದರೆ ಸಾಕು, ಎಲ್ಲ ಕೋಣೆಗಳಲ್ಲೂ ವೈಫೈ ಉಳಿಯುತ್ತದೆ. ಯುಪಿಎಸ್ ಆರಿಸುವಾಗ ಆಕ್ಸೆಸ್ ಪಾಯಿಂಟ್‌ಗಳ ವ್ಯಾಟ್‌ಗೆ ಸ್ವಿಚ್ಚಿನ ಸ್ವಂತ ಬಳಕೆಯನ್ನೂ ಸೇರಿಸಿ.

ಸಿಡಿಲಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಮನೆಯಿಂದ ತೋಟದಾಚೆಯ ಕಾಟೇಜಿಗೆ ತಾಮ್ರದ ತಂತಿ ಎಳೆಯದೆ ಲೋಹವಿಲ್ಲದ ಫೈಬರ್ ಹಾಕಿಸಿ. ಫೈಬರಿನಲ್ಲಿ ಕರೆಂಟ್ ಹೋಗದು. ಆ ತುದಿಗೆ ಮೀಡಿಯಾ ಕನ್ವರ್ಟರ್, ಪಿಒಇ ಇಂಜೆಕ್ಟರ್, ಸಣ್ಣದೊಂದು ಯುಪಿಎಸ್ ಬೇರೆಯೇ ಇಡಬೇಕು.